ಮೂರು ವರ್ಷ ಬರೀ ಎಲೆ

ಬಳ್ಳಿ ಸರಿಸಿಯೇ ನಾನು ಅಂಕಿ ಓದುವುದು.
ಗೋಪಾಳದಲ್ಲಿ, ಹೊಸಮನೆಯಲ್ಲಿ, ಸೀಗೆಹಟ್ಟಿಯ ಸಂದಿಗಳಲ್ಲಿ
ಮೀಟರ್ ಪೆಟ್ಟಿಗೆಯ ಮೇಲೆ ಏನಾದರೊಂದು ಹಬ್ಬಿರುತ್ತದೆ:
ಜಾಜಿ, ಶಂಖಪುಷ್ಪ,
ಬೆಳಿಗ್ಗೆ ಬಿಳಿ, ಸಂಜೆಗೆ ಕೆಂಪಾಗುವ ಮಧುಮಾಲತಿ.
ಎಡಗೈಯಲ್ಲಿ ಎತ್ತಿ ಹಿಡಿದು
ಬಲಗೈಯ ಮೆಷೀನಿಗೆ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಎಂದು ಒತ್ತಿ
ಬಿಟ್ಟರೆ, ಬಳ್ಳಿ ಮತ್ತೆ ತನ್ನ ಜಾಗಕ್ಕೆ.
ಬಿಲ್ಲು ನೋಡಿ ಬೈದವರೂ
ಹೂವಿನ ಮಾತೆತ್ತಿದರೆ ಕುಡಿಯಲು ನೀರು ಕೊಡುತ್ತಾರೆ.

ನಮ್ಮ ಗೇಟಿನದು ಕಾಗದದ ಹೂವಿನ ಬಳ್ಳಿ.
ಮೂರು ವರ್ಷ. ಬರೀ ಎಲೆ.
ಎಂಥ ಎಲೆ ಅಂದರೆ ಎಮ್ಮೆ ಕಟ್ಟಿ ಮೇಯಿಸಬಹುದು.
ಮುಳ್ಳೂ ಧಾರಾಳ. ಒಮ್ಮೆ ತೋಳು ಗೀರಿಸಿಕೊಂಡ ಪೋಸ್ಟಿನವನು
ಈಗ ಕಾಗದ ದೂರದಿಂದಲೇ ಎಸೆಯುತ್ತಾನೆ.
ಬರುವ ಕಾಗದ ಅದೊಂದೇ.

ಬೀದಿಗೊಂದು ಮದ್ದು.
ಗೊಬ್ಬರ ನಿಲ್ಲಿಸಿ ಅಂದರು ಸಿಸಿಲಿಯಾ ಟೀಚರ್,
ಹೊಟ್ಟೆ ತುಂಬಿದ್ದಕ್ಕೆ ಹೂವಿನ ನೆನಪು ಯಾಕೆ ಬರುತ್ತೆ?
ನಿಲ್ಲಿಸಿದೆ.
ಗುಜರಿ ಅಂಗಡಿಯ ನಯಾಜ್ ಸಾಬರು
ನೀರು ಕಟ್ ಮಾಡಿ, ಎಲೆ ಜೋತುಬೀಳಲಿ, ಆಮೇಲೆ ಒಂದೇ ಕೊಡ, ಅಂದರು.
ಜೋತುಬೀಳಲಿಲ್ಲ. ರಾತ್ರಿ ಎದ್ದು ಕದ್ದು ನೀರು ಹಾಕುತ್ತಿದ್ದವಳು
ನನ್ನ ಹೆಂಡತಿಯೆಂದು ತಡವಾಗಿ ತಿಳಿಯಿತು.
ಹಾಲಮ್ಮ ಒಲೆಬೂದಿ ಕಟ್ಟಿಕೊಟ್ಟಳು.
ಕತ್ತರಿ ಹಾಕದೆ ಯಾವುದು ಚೆಂದ ಆಗಿದೆ ಹೇಳಿ,
ಅಂದ ಕ್ಷೌರದಂಗಡಿಯ ಸಂಪಂಗಿ, ನನ್ನ ತಲೆ ಬಗ್ಗಿಸಿ ಹಿಡಿದು.
ಕತ್ತರಿಸಿದೆ.
ಮುಳ್ಳು ಇಮ್ಮಡಿಯಾಯಿತು.
ಗಂಡು ಬಳ್ಳಿ ಇರಬೇಕು, ಕಡಿದು ಒಲೆಗೆ ಹಾಕಿ, ಇದು ಅತ್ತೆ.

ದೀಪಾವಳಿ ಕಳೆದ ಮೂರನೆಯ ದಿನ
ಗೇಟಿನೆದುರಿನ ಕಂಬದ ದೀಪ ಸತ್ತಿತು.
ಬಳ್ಳಿ ನೆಟ್ಟ ವರ್ಷವೇ ಬಂದ ಬಿಳಿ ದೀಪ,
ನಡುರಾತ್ರಿ ಸಾಸಿವೆ ಚೆಲ್ಲಿದರೂ ಆಯ್ದುಕೊಳ್ಳುವಷ್ಟು ಬೆಳಕು.
ಕಂಬ ಮೆಸ್ಕಾಂದು, ದೀಪ ಪಾಲಿಕೆಯದು,
ಹಾಗಾಗಿ ಕತ್ತಲೆ ಯಾರದೂ ಅಲ್ಲ.
ಬೀದಿಯವರು ಸಹಿ ಹಾಕಿದ ಅರ್ಜಿ ನನ್ನ ಕೈಗೇ ಕೊಟ್ಟರು,
ಕರೆಂಟಿನವನು ನೀನೇ ಅಲ್ಲವೇ ಎಂದು.

ಇಪ್ಪತ್ತೆಂಟನೆಯ ಬೆಳಿಗ್ಗೆ
ಎಲೆಗಳ ನಡುವೆ ಏನೋ ಕೆಂಪಗೆ.
ಪಟಾಕಿಯ ಕಾಗದ, ಇನ್ನೂ ಉದುರಿಲ್ಲವೆಂದು ಕೈ ಹಾಕಿ ಎಳೆದೆ.
ಬರಲಿಲ್ಲ.
ಅದು ಅಲ್ಲಿಯದೇ.

ವಾರ ಕಳೆಯುವುದರೊಳಗೆ ಗೇಟೇ ಕಾಣದಾಯಿತು.
ನರ್ಸರಿಯ ಹುಡುಗ ಕಿವಿ ಕೆರೆದುಕೊಂಡು ಹೇಳಿದ:
ಕೆಲವಕ್ಕೆ ಉದ್ದದ ರಾತ್ರಿ ಬೇಕು ಸಾರ್.
ನಡುವೆ ಬೆಳಕು ಬಿದ್ದರೆ
ಹಗಲು ಇನ್ನೂ ಮುಗಿದಿಲ್ಲ ಅಂದುಕೊಂಡು ಕಾಯುತ್ತಾ ಕೂರುತ್ತವೆ.

ಇಪ್ಪತ್ತೆರಡು ವರ್ಷ ಯೂನಿಟ್ಟು ಎಣಿಸಿದ್ದೇನೆ.
ಬಳ್ಳಿಯೊಂದು ಮೂರು ವರ್ಷ ನಿದ್ದೆಗೆಟ್ಟಿದ್ದು
ಯಾವ ಮೀಟರಿನಲ್ಲೂ ಬರಲಿಲ್ಲ.

ಅರ್ಜಿ ಮಾತ್ರ ಚೀಲದಲ್ಲೇ ಇತ್ತು.
ನಾಳೆ ಕೊಡೋಣ, ಎಲ್ಲ ಮೊಗ್ಗೂ ಅರಳಲಿ.
ಅಷ್ಟರಲ್ಲಿ ಮೆಗ್ಗಾನಿನಿಂದ ಎರಡನೇ ಪಾಳಿ ಮುಗಿಸಿ ಬಂದ ತೇಜೋವತಿ
ಚರಂಡಿಯ ಕಲ್ಲಿಗೆ ಎಡವಿ ಮೊಣಕಾಲು ತರಚಿಕೊಂಡಳು.
ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡು ನಿಂತು
ನಿಮ್ಮ ಹೂ ಚೆನ್ನಾಗಿ ಬಂದಿದೆ ಅಣ್ಣಾ, ಅಂದಳು.
ಅವಳ ಸಹಿಯೂ ಆ ಅರ್ಜಿಯಲ್ಲಿತ್ತು,
ನೀಲಿ ಶಾಯಿಯಲ್ಲಿ, ದುಂಡಗೆ.

ಅವತ್ತೇ ಕೊಟ್ಟೆ.
ಪಾಲಿಕೆಯ ಯಲ್ಲಪ್ಪ ಏಣಿ ಹಾಕಿದಾಗ
ಕೆಳಗಿನಿಂದ ಒಂದು ತಗಡು ಚಾಚಿದೆ:
ಎಣ್ಣೆ ಡಬ್ಬ ಕೊಯ್ದು, ಅಂಚು ಮಡಚಿ, ಎರಡು ತೂತು ಹೊಡೆದದ್ದು.
ಇದು ರೂಲ್ಸಲ್ಲಿ ಇಲ್ಲ ಸಾರ್.
ಇಲ್ಲ, ಅಂದೆ. ಬಳ್ಳಿಯ ಕಡೆಗೆ ಕಟ್ಟು.

ಈಗ ಚರಂಡಿಯ ಕಲ್ಲು ಒಂದೊಂದೂ ಕಾಣುತ್ತದೆ.
ನಮ್ಮ ಗೇಟಿಗೆ ಮಾತ್ರ ತಗಡಿನಗಲದ ಕತ್ತಲೆ.
ತಡವಾಗಿ ಬಂದ ದಿನ ಚಿಲಕ ತಡಕುತ್ತೇನೆ,
ಮುಳ್ಳು ಸಿಗುತ್ತದೆ, ಎಸಳು ಸಿಗುತ್ತದೆ, ಚಿಲಕ ಸಿಗುವುದಿಲ್ಲ.
ಒಳಗಿನಿಂದ ಅವಳು:
ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ.